ಪಾತ್ರೆಯ ತಳದ ಹೆಸರು

“ಗುರುಗಳೇ, ನಮ್ಮ ನಡುವೆಯೇ ಇರುವ ಕಳ್ಳನನ್ನು ಗುರುತು ಹಿಡಿಯುವುದು ಹೇಗೆ?” ಎಂದು ಶಿಷ್ಯನೊಬ್ಬ ಕೇಳಿದ.

ಏನು ಕಳೆಯಿತಪ್ಪ ಎಂದು ಗುರುಗಳು ವಿಚಾರಿಸಿದರು. ಶಿಷ್ಯ ಹೊದ್ದ ವಸ್ತ್ರವನ್ನು ಸರಿಮಾಡಿಕೊಂಡು ಕುಳಿತು ತನ್ನ ಸಂಕಟ ತೋಡಿಕೊಂಡ. ಮಠದ ಹಗ್ಗದ ಮೇಲೆ ಒಣಗಲು ಹಾಕಿದ್ದ ಅವನ ವಸ್ತ್ರ ಕಾಣೆಯಾಗಿತ್ತು. ಎಲ್ಲರದೂ ಒಂದೇ ಬಣ್ಣವಾದ್ದರಿಂದ ಗುರುತಿಗೆಂದು ಮೂಲೆಯಲ್ಲಿ ಒಬ್ಬೊಬ್ಬರು ಒಂದೊಂದು ಬಣ್ಣದ ದಾರ ಹೊಲಿದುಕೊಂಡಿದ್ದರು. ಅವನದು ಹಸಿರು ದಾರ. ಊಟಕ್ಕೆ ಕುಳಿತಾಗ, ಪಾಠಕ್ಕೆ ಕುಳಿತಾಗ ಎಲ್ಲರ ಮೂಲೆಗಳನ್ನೂ ಕದ್ದು ನೋಡುತ್ತಿದ್ದ. ಹಸಿರು ಕಾಣಲಿಲ್ಲ. ಯಾರ ಮುಖ ನೋಡಿದರೂ ಇವನೇ ಇರಬೇಕು ಅನ್ನಿಸುತ್ತಿತ್ತು.

ಗುರುಗಳು ಎಲ್ಲ ಕೇಳಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನ ಅಪಾರ್ಟ್‌ಮೆಂಟಿನಲ್ಲಿ ಚಂದ್ರಮತಿ ಎಂಬ ಹೆಂಗಸಿದ್ದಳು. ಕೈ ದೊಡ್ಡದು. ಹಬ್ಬ ಬಂತೆಂದರೆ ಹತ್ತು ಮನೆಗೆ ಡಬ್ಬಿ ತುಂಬಿ ಕಳಿಸುವವಳು. ಆ ಯುಗಾದಿಗೂ ಕಳಿಸಿದಳು. ಹೋದ ಡಬ್ಬಿಗಳೆಲ್ಲ ಒಂದೊಂದಾಗಿ ಮನೆಗೆ ಬಂದವು, ಒಂದು ಮಾತ್ರ ಬರಲಿಲ್ಲ. ಅದು ಅವಳ ತಾಯಿ ಮದುವೆಯಲ್ಲಿ ಕೊಟ್ಟ ಹಿತ್ತಾಳೆ ಡಬ್ಬಿ. ತಳದಲ್ಲಿ ತಾಯಿಯ ಹೆಸರಿತ್ತು. ತಾಯಿ ಹೋಗಿಬಿಟ್ಟಿದ್ದಳು. ತಾಯಿಯದೆಂದು ಅವಳ ಹತ್ತಿರ ಉಳಿದದ್ದು ಅದೊಂದೇ.

ಯಾವ ಡಬ್ಬಿ ಯಾವ ಮನೆಗೆ ಹೋಯಿತು ಎಂಬುದು ಅವಳಿಗೆ ನೆನಪಿಗೆ ಬರಲಿಲ್ಲ. ನಮ್ಮ ಡಬ್ಬಿ ನಿಮ್ಮಲ್ಲಿದೆಯೇ ಎಂದು ಬಾಯಿಬಿಟ್ಟು ಕೇಳಲು ನಾಚಿಕೆ. ಕೇಳದ ಮಾತು ಹೊಟ್ಟೆಯಲ್ಲೇ ಕುಳಿತು ಹುಳಿಯಾಯಿತು. ಕೆಳಗಿನ ಮನೆಯವರು ನಕ್ಕರೆ ಯಾಕೆ ನಗುತ್ತಾರೆ ಎನ್ನುವಳು, ನಗದಿದ್ದರೆ ಯಾಕೆ ಮುಖ ತಪ್ಪಿಸುತ್ತಾರೆ ಎನ್ನುವಳು. ಎದುರು ಬಾಗಿಲಿನ ನೀಲವ್ವನ ಮೇಲಂತೂ ಅನುಮಾನ ಬಲವಾಯಿತು. ನೀಲವ್ವ ಹಿಂದಿನ ಕಾರ್ತಿಕದಲ್ಲಿ ಗಂಡನನ್ನು ಕಳೆದುಕೊಂಡವಳು. ಆಮೇಲೆ ಹೆಚ್ಚು ಹೊರಗೆ ಬರುತ್ತಿರಲಿಲ್ಲ. ಚಂದ್ರಮತಿ ಎದುರಾದರೆ ತಲೆ ತಗ್ಗಿಸಿ ಬಾಗಿಲು ಮುಂದೆ ಮಾಡುವಳು. ತಪ್ಪು ಮಾಡದವಳಿಗೆ ಈ ಅಂಜಿಕೆ ಯಾಕೆ ಎಂದುಕೊಂಡ ಚಂದ್ರಮತಿ ಆ ಮನೆಯವರ ಜತೆ ಮಾತೇ ಬಿಟ್ಟಳು.

ಮತ್ತೆ ಕಾರ್ತಿಕ ಬಂತು. ಚಂದ್ರಮತಿ ಒಂದು ಉಪಾಯ ಹೂಡಿದಳು. ಮನೆಮನೆಗೆ ಹೋಗಿ, ಅಂಗಳದಲ್ಲಿ ಒಂದು ಹಳೇ ಸಾಮಾನಿನ ಸಂತೆ ಮಾಡೋಣ, ನಮಗೆ ಬೇಡವಾದದ್ದು ಇನ್ನೊಬ್ಬರಿಗೆ ಬೇಕಾಗಬಹುದು ಎಂದಳು. ಮುರುಕು ಕುರ್ಚಿ, ಹಳೇ ಮಿಕ್ಸಿ ಅಷ್ಟೇ ಸಾಲದು, ಪಾತ್ರೆಪಗಡ ಎಲ್ಲ ಕೆಳಗಿಳಿಸಿ ಎಂದು ಒತ್ತಿ ಒತ್ತಿ ಹೇಳಿದಳು. ಮನೆಯೊಳಗೆ ಹೋಗಿ ಹುಡುಕಲಾಗದ್ದು ಅಂಗಳಕ್ಕೆ ತಾನೇ ಬರಲಿ ಎಂಬುದು ಅವಳ ಲೆಕ್ಕ. ಜನ ಮಾತ್ರ ಎಷ್ಟು ಒಳ್ಳೆಯ ಯೋಚನೆ ಎಂದು ಹೊಗಳಿದರು.

ತಾನೂ ಏನಾದರೂ ಇಡಬೇಕಲ್ಲ. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಪಾತ್ರೆಗಳನ್ನು ಇಳಿಸಿ, ಮೇಲೆ ಮೇಲೆ ಒರೆಸಿ, ತನ್ನ ಮೇಜಿನ ಮೇಲೆ ಜೋಡಿಸಿದಳು. ಕಾಯಲು ಸೊಸೆಯನ್ನು ಕೂರಿಸಿ ಸಂತೆ ಸುತ್ತಲು ಹೊರಟಳು.

ಪ್ರತಿ ಮೇಜಿನ ಮುಂದೆ ನಿಂತಳು. ಬೆಲೆ ಕೇಳಲಿಲ್ಲ. ಪಾತ್ರೆ ಎತ್ತುವಳು, ಬೋರಲು ಮಾಡುವಳು, ತಳದ ಹೆಸರು ಓದುವಳು, ಇಡುವಳು. ಕೊಂಡ ಪಾತ್ರೆಗೆಲ್ಲ ತಳದಲ್ಲಿ ಹೆಸರು ಹಾಕಿಸುವುದು ನಮ್ಮ ಜನರ ರೂಢಿಯಲ್ಲವೇ. ಕೆಳಮನೆಯ ವಿರೂಪಾಕ್ಷಪ್ಪ ನಿವೃತ್ತ ಬಸ್ ಕಂಡಕ್ಟರು, ಸುಮ್ಮನಿರುವ ನಾಲಿಗೆಯಲ್ಲ ಅದು. “ಎಲ್ಲರೂ ಪಾತ್ರೆಯ ಬಾಯಿ ನೋಡಿ ಕೊಳ್ಳುತ್ತಾರೆ ತಾಯಿ, ನೀವು ಟಿಕೆಟ್ ಚೆಕ್ ಮಾಡಿದ ಹಾಗೆ ತಳ ನೋಡುತ್ತೀರಲ್ಲ” ಎಂದ. ಸುತ್ತಲಿದ್ದವರು ನಕ್ಕರು. ಚಂದ್ರಮತಿ ನಗಲಿಲ್ಲ.

ಕೊನೆಯ ಮೇಜೂ ಮುಗಿಯಿತು. ಡಬ್ಬಿ ಇರಲಿಲ್ಲ. ಅಷ್ಟರಲ್ಲಿ ನೀಲವ್ವ ಮೆಟ್ಟಿಲಿಳಿದು ಬಂದಳು. ಅವಳು ಮೇಜು ಹಾಕಿರಲಿಲ್ಲ. ಸೆರಗಿನ ಕೆಳಗೆ ಏನನ್ನೋ ಮುಚ್ಚಿಕೊಂಡು ನೇರ ಚಂದ್ರಮತಿಯ ಮೇಜಿನ ಹತ್ತಿರ ಬಂದಳು. ಚಂದ್ರಮತಿ ದಾಪುಗಾಲಿಟ್ಟು ಬಂದು ಸೆರಗು ಸರಿಸಿದಳು. ಹಿತ್ತಾಳೆ ಡಬ್ಬಿ. ಕಸಿದುಕೊಂಡು ಎತ್ತಿ ಹಿಡಿದು ತಳ ನೋಡಿದಳು. ತಾಯಿಯ ಹೆಸರು.

“ನೋಡಿ ಎಲ್ಲರೂ. ಎದುರು ಬಾಗಿಲಲ್ಲೇ ಇತ್ತು” ಎಂದಳು. ಅಂಗಳವೆಲ್ಲ ಇತ್ತ ತಿರುಗಿತು.

ನೀಲವ್ವ ಸಿಟ್ಟಾಗಲಿಲ್ಲ. “ನಿಮ್ಮದಽ ಅಕ್ಕಾರ, ನಾನೆಲ್ಲಿ ಅಲ್ಲಂದೆ? ಹೋಳಿಗಿ ತುಂಬಿ ಕೊಟ್ಟೀರಿ, ಬರೀ ಡಬ್ಬಿ ಹೆಂಗ ತಿರುಗಿ ಕೊಡಲಿ? ವರ್ಷ ತುಂಬೂತನಾ ನಮ್ಮ ಮನ್ಯಾಗ ಸಿಹಿ ಮಾಡೂ ಹಂಗಿರಲಿಲ್ಲ. ಅವರ ವರ್ಷದ ಕಾರ್ಯ ಮೊನ್ನೆ ಮುಗೀತು” ಎಂದಳು.

ಚಂದ್ರಮತಿ ಮುಚ್ಚಳ ತೆಗೆದಳು. ಒಳಗೆ ಹೋಳಿಗೆ, ಇನ್ನೂ ಬಿಸಿ ಆರಿರಲಿಲ್ಲ.

ಡಬ್ಬಿ ಒಪ್ಪಿಸಿದ ನೀಲವ್ವ ಅಲ್ಲಿಂದ ಹೋಗಲಿಲ್ಲ. ಬೆಳಿಗ್ಗೆಯೇ ಮೇಲಿನಿಂದ ಚಂದ್ರಮತಿಯ ಮೇಜನ್ನು ನೋಡಿದ್ದಳು. ಸಾಲಿನಲ್ಲಿದ್ದ ಒಂದು ಸ್ಟೀಲಿನ ಬೋಗುಣಿ ಎತ್ತಿಕೊಂಡಳು. ಅಂಚಿನಲ್ಲಿದ್ದ ತಗ್ಗನ್ನು ಬೆರಳಿನಿಂದ ಸವರಿದಳು. ಬೋರಲು ಮಾಡಿ ತಳದ ಧೂಳನ್ನು ಸೆರಗಿನಿಂದ ಒರೆಸಿದಳು. ಚಂದ್ರಮತಿಗೂ ಅಕ್ಷರ ಕಂಡವು. ಚನ್ನವೀರಪ್ಪ. ನೀಲವ್ವನ ಗಂಡನ ಹೆಸರು. ಎಂದೋ ಒಂದು ಹಬ್ಬದ ದಿನ ಆ ಮನುಷ್ಯ ತಾನೇ ಬಾಗಿಲಿಗೆ ಬಂದು, ನಿಮ್ಮ ತಂಗಿ ಕಡುಬು ಮಾಡಿದ್ದಾಳೆ ಎಂದು ಕೊಟ್ಟುಹೋದ ಬೋಗುಣಿ ಅದು. ಕಡುಬು ಅಂದೇ ಮುಗಿದಿತ್ತು. ಬೋಗುಣಿ ಬೆಲ್ಲ ಇಡಲು ಬಂತು, ಆಮೇಲೆ ಅಟ್ಟ ಸೇರಿತು.

ನೀಲವ್ವನ ದನಿಯಲ್ಲಿ ಕೊಂಕಿರಲಿಲ್ಲ. ಸಂತೆಗೆ ಇಟ್ಟ ಮೇಲೆ ಕೊಂಡೇ ಒಯ್ಯಬೇಕು ಎಂದು ಅವಳು ತಿಳಿದಿದ್ದಳು. ಸೆರಗಿನ ತುದಿಯ ಗಂಟು ಬಿಚ್ಚುತ್ತಾ ಕೇಳಿದಳು: “ಇದಕ್ಕ ಎಷ್ಟ್ರೀ ಅಕ್ಕಾರ?”

ಗುರುಗಳು ಅಲ್ಲಿಗೇ ನಿಲ್ಲಿಸಿದರು.

ಚಂದ್ರಮತಿ ಏನು ಉತ್ತರ ಕೊಟ್ಟಳು ಎಂದು ಶಿಷ್ಯ ಕೇಳಿದ.

“ಅದಿರಲಿ ಮಗು, ಈಗ ನೀನು ಹೊದ್ದಿರುವ ವಸ್ತ್ರದ ಮೂಲೆಯಲ್ಲಿ ಯಾವ ಬಣ್ಣದ ದಾರವಿದೆ?” ಎಂದರು ಗುರುಗಳು.