ನಾಲ್ಕಕ್ಕೂ ಒಂದು ಎಲೆ

ನದಿಯ ದಂಡೆಯ ಆಶ್ರಮವೊಂದರಲ್ಲಿ ನಿರ್ವಾಣಯ್ಯ ಎಂಬ ಗುರುಗಳಿದ್ದರು. ಗ್ರಹಗಳ ಗತಿಯನ್ನು ಅವರಷ್ಟು ಚೆನ್ನಾಗಿ ಹೇಳಿಕೊಡುವವರು ಆ ಸೀಮೆಯಲ್ಲೇ ಇರಲಿಲ್ಲ. ಆದರೆ ಭಿನ್ನರಾಶಿಯ ಸಮೀಕರಣ ಬಿಡಿಸಲು ಬಾರದವರನ್ನು ಅವರು ಆ ಪಾಠಕ್ಕೆ ಕೂರಿಸಿಕೊಳ್ಳುತ್ತಿರಲಿಲ್ಲ.

ಆ ಪಾಠಕ್ಕೆಂದೇ ಬಹುದೂರದಿಂದ ನಡೆದು ಬಂದಿದ್ದ ರುದ್ರಮುನಿ ಇಲ್ಲೇ ಎಡವಿದ್ದ. ಒಂದು ಬೆಳಿಗ್ಗೆ ಗಂಟು ಕಟ್ಟಿಕೊಂಡು ಗುರುಗಳ ಮುಂದೆ ನಿಂತ.

“ಅಪ್ಪಣೆ ಕೊಡಿ ಗುರುಗಳೇ, ಊರಿಗೆ ಹೋಗುತ್ತೇನೆ.”

“ಯಾಕಪ್ಪಾ?”

“ಇಡೀ ಸಂಖ್ಯೆಗಳಾದರೆ ನನ್ನ ಮಾತು ಕೇಳುತ್ತವೆ. ಅರ್ಧ, ಮೂರನೇ ಒಂದು ಅಂತ ಬಂದರೆ ತಲೆ ಕೆಟ್ಟುಹೋಗುತ್ತದೆ. ಈ ವಿದ್ಯೆ ನನ್ನ ಹಣೆಯಲ್ಲಿ ಬರೆದಿಲ್ಲ.”

ಹಾಗೆ ಹೇಳಿದನಾದರೂ ಅವನಿಗೆ ಹೋಗಲು ಎಳ್ಳಷ್ಟೂ ಮನಸ್ಸಿರಲಿಲ್ಲ.

“ಎಲ್ಲಿ, ಮಾಡಿದ್ದನ್ನು ತೋರಿಸು.”

ಅಂಗಳದ ಮರಳಿನಲ್ಲಿ ಲೆಕ್ಕವಿತ್ತು. ಒಂದು ಸಂಖ್ಯೆಯ ಅರ್ಧ, ಅದೇ ಸಂಖ್ಯೆಯ ಮೂರನೇ ಒಂದು ಪಾಲು, ಜೊತೆಗೆ ನಾಲ್ಕು. ಎಲ್ಲ ಕೂಡಿದರೆ ಹದಿನಾಲ್ಕು. ಆ ಸಂಖ್ಯೆ ಯಾವುದು?

“ಭಿನ್ನ ಹೋಗಲಿ ಅಂತ ಆರರಿಂದ ಗುಣಿಸಿದೆ,” ಎಂದ ರುದ್ರಮುನಿ. “ಅರ್ಧ ಇದ್ದದ್ದು ಸಂಖ್ಯೆಯ ಮೂರು ಪಟ್ಟಾಯಿತು. ಮೂರನೇ ಒಂದು ಇದ್ದದ್ದು ಎರಡು ಪಟ್ಟು. ಕೂಡಿದರೆ ಐದು ಪಟ್ಟು. ಆ ಕಡೆಯ ಹದಿನಾಲ್ಕು ಎಂಬತ್ತನಾಲ್ಕಾಯಿತು. ಅದರಲ್ಲಿ ನಾಲ್ಕು ಕಳೆದು ಐದರಿಂದ ಭಾಗಿಸಿದರೆ ಹದಿನಾರು. ಆದರೆ ಹದಿನಾರನ್ನು ಹಾಕಿ ನೋಡಿದರೆ ಮೊತ್ತ ಹದಿನಾಲ್ಕನ್ನು ದಾಟಿ ಹೋಗುತ್ತದೆ. ಎಷ್ಟು ಸಲ ಮಾಡಿದರೂ ಇದೇ ಹಾಡು.”

“ನಾಲ್ಕು ನಾಲ್ಕಾಗಿಯೇ ಉಳಿದಿದೆಯಲ್ಲ?”

“ಅದು ಇಡಿಯಾಗಿಯೇ ಇತ್ತು ಗುರುಗಳೇ. ಅದಕ್ಕೇನು ಕೊರತೆ?”

“ಸರಿ. ಊಟ ಮಾಡಿಕೊಂಡು ಹೊರಡು.”

ಮಧ್ಯಾಹ್ನ ಎಲ್ಲರೂ ಒಂದೇ ಸಾಲಿನಲ್ಲಿ ಕೂತರು. ಅಂದು ಗುರುಗಳೇ ಬಡಿಸಲು ನಿಂತಿದ್ದರು. ಎಲೆಯಿಂದ ಎಲೆಗೆ ಹುಗ್ಗಿ ಹಾಕುತ್ತ ಬಂದವರು ರುದ್ರಮುನಿಯ ಎಲೆಯನ್ನು ದಾಟಿ ಮುಂದೆ ಹೋದರು.

ಮರೆತಿರಬೇಕು ಎಂದುಕೊಂಡ ಅವನು. ಅನ್ನ ಬಂತು, ಅದೂ ದಾಟಿತು. ಸಾರು ಬಂತು, ಅದೂ ದಾಟಿತು. ಹಸಿದ ಹೊಟ್ಟೆಯಲ್ಲಿ ಸಂಕೋಚ ಎಷ್ಟು ಹೊತ್ತು ನಿಲ್ಲುತ್ತದೆ?

“ಗುರುಗಳೇ, ನನ್ನ ಎಲೆ ಖಾಲಿಯಿದೆ.”

“ಇರಲಿ. ಗಟ್ಟಿಮುಟ್ಟಾಗಿದ್ದೀಯ. ನಿನಗೇನು ಕೊರತೆ?”

“ಪಂಕ್ತಿಭೇದ ಮಾಡಬಾರದು ಅಂತ ನೀವೇ ಹೇಳಿದ್ದಲ್ಲವೇ? ಒಬ್ಬರಿಗೆ ಬಡಿಸಿದ್ದನ್ನು ಸಾಲಿಗೆಲ್ಲ ಬಡಿಸಬೇಕು ಅಂತ...”

ಹೇಳುತ್ತಿದ್ದಂತೆಯೇ ಮರಳಿನ ಮೇಲಿನ ಸಾಲಿನಲ್ಲಿ ಕೂತಿದ್ದ ನಾಲ್ಕು ಅವನಿಗೆ ನೆನಪಾಯಿತು. ಗುರುಗಳು ಸೌಟು ಹಿಡಿದು ಅವನನ್ನೇ ನೋಡುತ್ತಿದ್ದರು.

ಎದ್ದು ಅಂಗಳಕ್ಕೆ ಓಡಬೇಕು ಅನಿಸಿತು ಅವನಿಗೆ. ಆದರೆ ಪಂಕ್ತಿಯ ನಡುವೆ ಏಳುವಂತಿಲ್ಲ. ನೀರು ಚಿಮುಕಿಸಿದ ಖಾಲಿ ಎಲೆಯ ಮೇಲೆಯೇ ಬೆರಳಿನಿಂದ ಬರೆದ. ಈ ಸಲ ನಾಲ್ಕನ್ನೂ ಆರರಿಂದ ಗುಣಿಸಿದ. ಇಪ್ಪತ್ತನಾಲ್ಕು. ಎಂಬತ್ತನಾಲ್ಕರಲ್ಲಿ ಅದನ್ನು ಕಳೆದರೆ ಅರವತ್ತು. ಐದರಿಂದ ಭಾಗಿಸಿದರೆ ಹನ್ನೆರಡು.

ಹಾಕಿ ನೋಡಿದ. ಅರ್ಧ ಆರು, ಮೂರನೇ ಒಂದು ನಾಲ್ಕು, ಮೇಲೆ ನಾಲ್ಕು. ಸರಿಯಾಗಿ ಹದಿನಾಲ್ಕು.

ಎದೆಯ ಮೇಲಿನ ಚಪ್ಪಡಿಯನ್ನು ಯಾರೋ ಎತ್ತಿ ಆಚೆಗಿಟ್ಟ ಹಾಗಾಯಿತು. ನಗು ಬಂತು, ಕಣ್ಣು ತುಂಬಿತು, ಹೊಟ್ಟೆಯೂ ಇನ್ನಷ್ಟು ಚುರುಗುಟ್ಟಿತು.

“ಹನ್ನೆರಡು, ಗುರುಗಳೇ.”

“ನಾಳೆಯಿಂದ ಗ್ರಹಗತಿಯ ಪಾಠಕ್ಕೆ ಬಾ,” ಎಂದು ಗುರುಗಳು ಅವನ ಎಲೆಗೆ ಹುಗ್ಗಿ ಸುರಿದರು.

“ಒಂದು ಮಾತ್ರ ತಿಳಿಯಲಿಲ್ಲ. ನಾಲ್ಕಕ್ಕೆ ನಿಜವಾಗಿಯೂ ಏನೂ ಕೊರತೆ ಇರಲಿಲ್ಲವಲ್ಲ?”

“ಕೊರತೆ ನೋಡಿ ಕೊಟ್ಟರೆ ಅದು ಭಿಕ್ಷೆ ಕಣಪ್ಪಾ. ಸಾಲು ನೋಡಿ ಬಡಿಸಿದರೆ ಊಟ. ಉಣ್ಣು.”