ಬಾಗಿಲಾಚೆಯ ಮೆಟ್ಟುಗಳು

ಬನ್ನಿ, ಕಾಲು ಚಾಚಿ ಕೂತುಕೊಳ್ಳಿ. ಕೈಯಲ್ಲಿನ ಕೆಲಸ ಬಿಡಬೇಕಾಗಿಲ್ಲ, ಕಿವಿ ಇತ್ತ ಕೊಟ್ಟರೆ ಸಾಕು.

ಒಬ್ಬ ಶಿಷ್ಯ ಗುರುವಿನ ಮುಂದೆ ಬಂದು ಕೇಳಿದ: "ಗುರುಗಳೇ, ನನ್ನ ಅಣ್ಣ ಕುಡಿತಕ್ಕೆ ಬಿದ್ದಿದ್ದಾನೆ. ಬಿಡಬೇಕೆಂಬ ಆಸೆಯೂ ಇದೆ. ಕುಡಿತ ಬಿಟ್ಟವರು ಸೇರುವ ಮನೆಯ ಬಾಗಿಲವರೆಗೆ ಹೋಗುತ್ತಾನೆ, ತಿರುಗಿ ಬರುತ್ತಾನೆ. ಅವನನ್ನು ರಟ್ಟೆ ಹಿಡಿದು ಒಳಗೆ ನೂಕಲೋ, ತಾನಾಗಿ ಹೋಗಲಿ ಎಂದು ಸುಮ್ಮನಿರಲೋ?"

ಗುರು ಅದು ಸರಿ ಎನ್ನಲಿಲ್ಲ, ಇದು ಸರಿ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಮೆಟ್ಟು ಹೊಲಿಯುವವನೊಬ್ಬನಿದ್ದ. ಕೈ ಒಳ್ಳೆಯದು, ಬಾಯಿಯೂ ಒಳ್ಳೆಯದು. ಹೆಂಡ ಎರಡನ್ನೂ ಕೆಡಿಸಿತ್ತು. ಹೆಂಡತಿ ಹೇಳಿ ಹೇಳಿ ಸೋತು, ಎಳೆ ಮಗಳನ್ನು ಎತ್ತಿಕೊಂಡು ತವರಿಗೆ ಹೊರಟಳು. ಹೊರಡುವಾಗ ಹೊಸ್ತಿಲಲ್ಲಿ ನಿಂತು ಅಂದಳು: "ಮಗು ನಡೆಯುವುದಕ್ಕೆ ಕಲಿಯುತ್ತಿದೆ. ಅದರ ಕಾಲಿಗೆ ಮೆಟ್ಟು ಹೊಲಿಯುವಷ್ಟು ನಿನ್ನ ಕೈ ನಿಂತ ದಿನ ಬಾ. ಅಲ್ಲಿಯತನಕ ಬರಬೇಡ."

ಅವನು ಅಂದೇ ಅಂಗೈಯಗಲದ ತೊಗಲು ಕೊಯ್ದುಕೊಂಡು ಕೂತ. ಕೈ ನಡುಗಿ ದಬ್ಬಳ ಬೆರಳಿಗೆ ಇಳಿಯಿತು. ನಡುಕ ನಿಲ್ಲಲಿ ಎಂದು ಕುಡಿದ. ಕುಡಿದ ಮೇಲೆ ತೊಗಲೇ ಎರಡಾಗಿ ಕಂಡಿತು.

ಕುಡಿತ ಬಿಟ್ಟವರ ಕೂಟವೊಂದು ಪೇಟೆಯಲ್ಲೆಲ್ಲೋ ಸೇರುತ್ತದೆ ಎಂದು ಕೇಳಿದ್ದ. ಎಲ್ಲಿ ಎಂದು ಯಾರನ್ನು ಕೇಳುವುದು? ಹೂ ಮಾರುವ ಮುದುಕಿಯ ಬಳಿ ಹೋಗಿ, ನನ್ನ ಪರಿಚಯದವನೊಬ್ಬನಿಗೆ ಬೇಕಾಗಿತ್ತು ಅಂದ. ಮುದುಕಿ ಮಾಲೆ ಕಟ್ಟುತ್ತಲೇ ಹೇಳಿದಳು: ಮಂಗಳವಾರ ಸಂಜೆ, ಗಾಣದ ಹಿಂದಿನ ಮನೆ, ಬಾಗಿಲ ಮುಂದೆ ಮೆಟ್ಟುಗಳಿರುತ್ತವೆ. ಅವನು ತಿರುಗಿ ಹೊರಡುವಷ್ಟರಲ್ಲಿ ಇನ್ನೊಂದು ಮಾತು ಸೇರಿಸಿದಳು: "ನಿನ್ನ ಪರಿಚಯದವನ ಕೈಯೂ ಹೀಗೇ ನಡುಗುತ್ತದೇನಪ್ಪಾ? ಪಾಪ, ಬೇಗ ಹೋಗಲಿ."

ಮಂಗಳವಾರ ಹೋದ. ಬಾಗಿಲು ತೆರೆದೇ ಇತ್ತು. ಹೊರಗಿದ್ದ ಮೆಟ್ಟುಗಳನ್ನು ಕಂಡು ಅಲ್ಲೇ ನಿಂತ. ಲೋಕ ಮುಖ ನೋಡಿ ಗುರುತು ಹಿಡಿದರೆ ಅವನು ಮೆಟ್ಟು ನೋಡಿ ಗುರುತು ಹಿಡಿಯುವವನು. ಹಿಮ್ಮಡಿ ಸವೆದ ಇದು ಮೇಷ್ಟ್ರದು. ಈ ಅಗಲದ್ದು ದಿನಸಿ ವ್ಯಾಪಾರಿಯದು, ಕುಡಿದು ಹೊಲಿದದ್ದಕ್ಕೆ ನಡುಬೀದಿಯಲ್ಲಿ ತನ್ನನ್ನು ಬೈದವನದು. ಇವರೂ ಕುಡಿಯುತ್ತಿದ್ದವರೇ ಎಂದು ಅವನಿಗೆ ಹೊಳೆಯಲಿಲ್ಲ. ನನ್ನನ್ನು ನೋಡಿ ನಗುತ್ತಾರೆ ಎಂದಷ್ಟೇ ಹೊಳೆಯಿತು.

ಹಿಂದಿರುಗಬೇಕು, ಅಷ್ಟರಲ್ಲಿ ವ್ಯಾಪಾರಿಯ ಮೆಟ್ಟಿನ ಬಾರು ಕಿತ್ತಿದ್ದು ಕಂಡಿತು. ಕಿತ್ತ ಮೆಟ್ಟನ್ನು ದಾಟಿ ಹೋಗಬಾರದು ಎಂಬುದು ಅವನ ಮನೆತನದ ಕಟ್ಟಳೆ. ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಹೆಗಲ ಚೀಲದಿಂದ ದಬ್ಬಳ ತೆಗೆದು, ಬೆರಳು ಚುಚ್ಚಿಕೊಳ್ಳುತ್ತ ಅಂಕುಡೊಂಕಾಗಿ ಹೊಲಿದ. ಹೊಲಿಯುವಷ್ಟು ಹೊತ್ತೂ ಒಳಗಿನ ಮಾತು ಕಿವಿಗೆ ಬೀಳುತ್ತಿತ್ತು. ಯಾರೋ ಅಳುತ್ತಿದ್ದರು. ಯಾರೂ ನಗಲಿಲ್ಲ.

ಮುಂದಿನ ಮಂಗಳವಾರ ಸುಮ್ಮನೆ ನೋಡಿ ಬರೋಣವೆಂದು ಹೋದ. ಇನ್ನೊಂದು ಬಾರು ಕಿತ್ತಿತ್ತು. ಅದರ ಮುಂದಿನ ವಾರ ಮತ್ತೊಂದು. ತನ್ನ ಅಂಕುಡೊಂಕು ಹೊಲಿಗೆ ಕಂಡು ಅವನಿಗೇ ನಾಚಿಕೆಯಾಯಿತು. ಮಂಗಳವಾರಗಳಂದು ಬೆಳಗಿನಿಂದಲೇ ಕುಡಿಯದೆ ಇರತೊಡಗಿದ. ಆಮೇಲೆ ಸೋಮವಾರವೂ. ಕೈಯ ಜೊತೆ ಕಣ್ಣೂ ತಿಳಿಯಾಗುತ್ತ ಬಂತು.

ಒಂದು ಸಂಜೆ ವ್ಯಾಪಾರಿಯ ಮೆಟ್ಟನ್ನು ಕೈಗೆತ್ತಿಕೊಂಡವನು ಹಾಗೇ ಕೂತುಬಿಟ್ಟ. ಸವೆದು ಕಿತ್ತ ಬಾರು ನಾರು ನಾರಾಗುತ್ತದೆ. ಇದು ಚೂರಿಯಿಂದ ಕೊಯ್ದದ್ದು, ಅದೂ ಅವನು ಈಚೆಗೆ ಬಿಚ್ಚಿ ನೆಟ್ಟಗೆ ಹೊಲಿದಿದ್ದ ಹೊಲಿಗೆಯ ಮೇಲೇ. ಸಿಟ್ಟು ನೆತ್ತಿಗೇರಿತು. ನಾಚಿಕೆ ಮರೆತುಹೋಯಿತು. ಮೆಟ್ಟು ಹಿಡಿದುಕೊಂಡೇ ಹೊಸ್ತಿಲು ದಾಟಿ ಒಳಗೆ ಹೋಗಿ, ನನ್ನ ಹೊಲಿಗೆ ಕೊಯ್ದವರು ಯಾರು ಎಂದು ಕೇಳಿದ.

ವ್ಯಾಪಾರಿ ತಲೆ ಎತ್ತಿದ. "ನಾನೇ ಕಣಪ್ಪಾ. ಹೋದ ವಾರ ಮೇಷ್ಟ್ರು ಕೊಯ್ದಿದ್ದರು, ಈ ವಾರ ನನ್ನ ಸರದಿ. ಮೆಟ್ಟೆಲ್ಲ ಗಟ್ಟಿಯಾದರೆ ನೀನು ಯಾಕೆ ಬರುತ್ತೀಯ? ನಾನೂ ಈ ಬಾಗಿಲಿಂದ ತಿರುಗಿ ಹೋದವನೇ. ಕೂತುಕೋ."

ಚಾಪೆಯ ಮೇಲೆ ಒಬ್ಬರು ಕೂರುವಷ್ಟು ಜಾಗ ಮೊದಲೇ ಬಿಟ್ಟಿತ್ತು. ವ್ಯಾಪಾರಿ ಅದನ್ನು ಅಂಗೈಯಿಂದ ಸವರಿದ. ಮೆಟ್ಟು ಹೊಲಿಯುವವನು ಕೂತ.

ಆ ಸಂಜೆ ಯಾವ ಬಾರನ್ನೂ ಹೊಲಿಯಲಿಲ್ಲ. ವ್ಯಾಪಾರಿ ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬರಿಗಾಲಲ್ಲಿ ಮನೆಗೆ ನಡೆದ. ಇವನೂ ತನ್ನದನ್ನು ಕಳಚಿ ಜೊತೆಗೆ ನಡೆದ.

ಆಮೇಲೆ ಯಾರಿಗೆ ಏನಾಯಿತು ಎಂದರೆ, ಮೆಟ್ಟು ಹೊಲಿಯುವವನು ನಡುವೆ ಒಮ್ಮೆ ಜಾರಿದ, ಎದ್ದು ಮತ್ತೆ ಅದೇ ಚಾಪೆಗೆ ಬಂದ. ಪುಟ್ಟ ಮೆಟ್ಟು ಹೊಲಿದುಕೊಂಡು ಹೆಂಡತಿಯ ತವರಿಗೆ ಹೋದ. ಅಷ್ಟರಲ್ಲಿ ಮಗು ಬೆಳೆದಿತ್ತು, ಮೆಟ್ಟು ಬಿಗಿಯಾಯಿತು. ಅವನು ಜಗಲಿಯ ಮೇಲೇ ಕೂತು ಹೊಲಿಗೆ ಬಿಚ್ಚಿ ಮತ್ತೆ ಹಾಕಿದ. ಹೆಂಡತಿ ಅವನ ಮುಖ ನೋಡಲಿಲ್ಲ, ಕೈ ನೋಡುತ್ತ ನಿಂತಳು. ನೋಡಿ, ಒಳಗೆ ಹೋಗಿ ಬಟ್ಟೆಯ ಗಂಟು ಕಟ್ಟಿದಳು. ವ್ಯಾಪಾರಿ ಹೊಸ ಜೋಡು ಬೇಡವೆಂದು ಕಡೆಯತನಕ ಆ ತೇಪೆಯ ಮೆಟ್ಟನ್ನೇ ಮೆಟ್ಟಿದ. ಮತ್ತೊಬ್ಬ ಹೀಗೇ ಬಂದು ತಿರುಗಿ ಹೋದಾನೆಂದು ಮೇಷ್ಟ್ರು ಬಾಗಿಲ ಕಡೆ ಮುಖ ಮಾಡಿ ಕೂರುವುದನ್ನು ಬಿಡಲಿಲ್ಲ. ಹೂವಿನ ಮುದುಕಿ ಯಾರ್ಯಾರದೋ ಪರಿಚಯದವರಿಗೆ ಈಗಲೂ ದಾರಿ ಹೇಳುತ್ತಿದ್ದಾಳೆ.

ಕತೆ ಮುಗಿಯಿತು. ಶಿಷ್ಯ ಕೇಳಿದ: "ನನ್ನ ಅಣ್ಣ ಮೆಟ್ಟು ಹೊಲಿಯುವವನಲ್ಲ, ಗುರುಗಳೇ. ಅವನಿಗೆ ನಾನೇನು ಮಾಡಲಿ?"

ಗುರು ಬಾಗಿಲಾಚೆ ಶಿಷ್ಯ ಬಿಟ್ಟುಬಂದಿದ್ದ ಮೆಟ್ಟುಗಳತ್ತ ನೋಡಿದರು.

"ನಿನ್ನ ಬಾರುಗಳೆಲ್ಲ ಗಟ್ಟಿಯಾಗಿಯೇ ಇವೆಯಲ್ಲ, ಮಗು."

ಶಿಷ್ಯ ಎದ್ದು ಹೊರಗೆ ಹೋಗಿ, ಮೆಟ್ಟುಗಳನ್ನು ಕಂಕುಳಲ್ಲಿಟ್ಟುಕೊಂಡು ಬರಿಗಾಲಲ್ಲಿ ಅಣ್ಣನಿದ್ದಲ್ಲಿಗೆ ನಡೆದ.