ಕರಡಿಯ ಎದೆಯ ಗುರುತು, ಪಿಕಳಾರದ ಹಳದಿ ಕೊರಳು

ಬಂಡೆಗಳ ಬಿಸಿ ಇನ್ನೂ ಆರಿರಲಿಲ್ಲ, ಹೊಳೆಗಳಿಗೆ ಇನ್ನೂ ದಾರಿ ಗೊತ್ತಿರಲಿಲ್ಲ. ಲೋಕ ಅಷ್ಟು ಹೊಸದು. ಒಂದು ಕಲ್ಲುಗುಡ್ಡದ ಗವಿಯಲ್ಲಿ ಕರಡಿ ತನ್ನ ಎರಡು ಮರಿಗಳ ಜೊತೆ ಇದ್ದಳು. ಮೈಯೆಲ್ಲ ಕಪ್ಪೇ ಕಪ್ಪು.

ಗವಿಯ ಮುಂದಿನ ಪೊದೆಯಲ್ಲಿ ಪಿಕಳಾರ ಹಕ್ಕಿಯ ಗೂಡು. ಆಗ ಪಿಕಳಾರ ಕೊಕ್ಕಿನಿಂದ ಬಾಲದವರೆಗೆ ಬರೀ ಬೂದಿ ಬಣ್ಣ. ಅವಳು ಹಾಡಿದರೆ ಕರಡಿಮರಿಗಳಿಗೆ ನಿದ್ದೆ.

ಒಂದು ಬೇಸಿಗೆ ಮಧ್ಯಾಹ್ನ ಗಾಳಿ ಏದುಸಿರು ಬಿಡುತ್ತ ಗುಡ್ಡ ಹತ್ತಿತು.

"ನನ್ನ ಹಿಂದೆ ಬೆಂಕಿ ಬರ್ತಾ ಇದೆ," ಎಂದಿತು.

"ನೀನು ನಿಂತುಬಿಡು. ಅದೂ ನಿಲ್ಲುತ್ತೆ," ಎಂದಳು ಪಿಕಳಾರ.

"ನಿಲ್ಲೋದು ನನಗೆ ಗೊತ್ತಿಲ್ಲ ತಾಯಿ," ಎಂದು ಗಾಳಿ ಹೋಗೇಬಿಟ್ಟಿತು.

ಕರಡಿ ಹೊಟ್ಟೆ ತುಂಬ ಇಪ್ಪೆ ಹೂ ತಿಂದು ಮಲಗಿದ್ದಳು.

"ಅಕ್ಕಾ, ಏಳು. ಬೆಂಕಿ."

"ಸುಮ್ನಿರೇ, ಮರಿಗಳು ಏಳ್ತವೆ," ಎಂದು ಕರಡಿ ಮಗ್ಗುಲು ಬದಲಿಸಿದಳು.

ಪಿಕಳಾರ ಕೂಗಿದಳು. ಮತ್ತೆ ಕೂಗಿದಳು. ಹೊಗೆ ಗವಿಯೊಳಗೆ ನುಗ್ಗಿದ ಮೇಲೆ ಕರಡಿ ಎದ್ದು ಕೂತಳು.

"ನನ್ನ ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿಲ್ಲ ಅಕ್ಕಾ. ಹೊರೋಕೆ ನನ್ನಿಂದ ಆಗಲ್ಲ. ಗೂಡನ್ನ ನೀನು ಎತ್ಕೋ."

"ಮೊದಲು ಇವನ್ನ ಹಳ್ಳದ ಆಚೆ ಬಿಟ್ಟು ಬರ್ತೀನಿ. ಖಂಡಿತ ಬರ್ತೀನಿ ಕಣೇ."

ಮರಿಗಳನ್ನು ಬೆನ್ನ ಮೇಲೆ ಹೊತ್ತು ಕರಡಿ ಹಳ್ಳ ದಾಟಿದಳು. ಆದರೆ ಅವು ಇಳಿಯಲೊಲ್ಲವು. ಒಂದನ್ನು ಇಳಿಸಿದರೆ ಇನ್ನೊಂದು ಹತ್ತುತ್ತಿತ್ತು. ಆಚೆ ದಡದಿಂದ ಪಿಕಳಾರದ ಕೂಗು ಕೇಳುತ್ತಲೇ ಇತ್ತು. ಕೊನೆಗೆ ಎರಡನ್ನೂ ಬೆನ್ನಿಗೇ ಅಂಟಿಸಿಕೊಂಡು ಕರಡಿ ಹಿಂದಕ್ಕೆ ಓಡಿದಳು.

ಪೊದೆ ಉರಿಯುತ್ತಿತ್ತು. ಪಿಕಳಾರ ಹೊಗೆಯೊಳಗೇ ಸುತ್ತುತ್ತ ಕೂಗುತ್ತಿದ್ದಳು. ಕರಡಿ ಕೈಚಾಚಿ ಉರಿಯುವ ಗೂಡನ್ನು ಎದೆಗೆ ಅವಚಿಕೊಂಡಳು. ಕೂದಲು ಚುರುಗುಟ್ಟಿತು. ಬಿಡಲಿಲ್ಲ.

ಹಳ್ಳದ ಮರಳಿನಲ್ಲಿ ಗೂಡನ್ನು ಇಳಿಸಿದಾಗ ಅದರೊಳಗೆ ಸದ್ದಿರಲಿಲ್ಲ.

"ನೀನು ಮೊದಲು ಕೂಗಿದಾಗಲೇ ನಾನು ಏಳಬೇಕಿತ್ತು," ಎಂದಳು ಕರಡಿ.

ಪಿಕಳಾರ ಗೂಡಿನ ಅಂಚಿಗೆ ಬಂದು ಕೂತಳು. ಬೆಂಕಿಯನ್ನೇ ಉಸಿರಾಡಿದ್ದ ಅವಳ ಕೊರಳು ಉರಿಯಂತೆಯೇ ಹಳದಿಯಾಗಿತ್ತು. ಗೂಡಿನೊಳಗೆ ಒಮ್ಮೆ ಇಣುಕಿ, ಬೆಂಕಿ ಮುಟ್ಟಲಾರದ ಬಂಡೆಗಳ ಸಂದಿಗೆ ಹಾರಿಹೋದಳು. ಕರಡಿ ಎಷ್ಟು ಕರೆದರೂ ಹೊರಗೆ ಬರಲಿಲ್ಲ.

ಅದಕ್ಕೇ ಮಗೂ, ಇವತ್ತಿಗೂ ಕರಡಿಯ ಕಪ್ಪು ಎದೆಯ ಮೇಲೆ ಗೂಡಿನ ಅಂಚಿನಂತೆ ಬಾಗಿದ ಬಿಳಿಚಿದ ಗುರುತಿದೆ, ಅವಳ ಮರಿಗಳು ಬೆನ್ನು ಬಿಟ್ಟು ಇಳಿಯುವುದಿಲ್ಲ. ಹಳದಿ ಕೊರಳಿನ ಪಿಕಳಾರ ಮಾತ್ರ ಕಲ್ಲುಗುಡ್ಡಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದು, ನಮ್ಮ ಹೆಜ್ಜೆಯ ಸದ್ದಾದರೆ ಸಾಕು, ಬಂಡೆಯ ಹಿಂದೆ ಸರಿದುಬಿಡುತ್ತದೆ.